ಬಂತು... ಹೋಯ್ತು!

ನಮ್ಮ ಮನೆಯ ಸೆಟ್ ಟಾಪ್ ಬಾಕ್ಸಿಗೆ ಈಚೆಗೆ ಒಂದು ಚಾಳಿ ಹತ್ತಿದೆ. ನಾನು ಕುರ್ಚಿಯಲ್ಲಿ ಕೂತು, ನೋಯುವ ಮಂಡಿಯನ್ನು ಸ್ಟೂಲಿನ ಮೇಲೆ ನೀಡಿಕೊಂಡು, ಕಾಫಿ ಲೋಟವನ್ನು ತುಟಿಗೆ ತಂದೆನೋ ಇಲ್ಲವೋ, ಪರದೆ ಕಪ್ಪಗಾಗುತ್ತದೆ. ಆಮೇಲೆ ಕಂಪನಿಯ ಹೆಸರು ಮೂಡುತ್ತದೆ, ಪುಟ್ಟ ಚಕ್ರವೊಂದು ಗಿರಗಿರ ತಿರುಗುತ್ತದೆ, ‘ಪ್ಲೀಸ್ ವೇಯ್ಟ್’ ಎಂದು ಅಪ್ಪಣೆಯಾಗುತ್ತದೆ. ವೇಯ್ಟ್ ಮಾಡಿದರೆ ಬರುತ್ತದೆ. ಬಂದದ್ದು ಸ್ವಲ್ಪ ಹೊತ್ತಿಗೆ ಮತ್ತೆ ಹೋಗುತ್ತದೆ. ಮೊನ್ನೆ ಸೀರಿಯಲ್ಲಿನ ಅತ್ತೆ ಸೊಸೆಯ ಕೆನ್ನೆಗೆಂದು ಎತ್ತಿದ ಕೈ ಎತ್ತಿದಂತೆಯೇ ಮಾಯವಾಯಿತು. ಬಾಕ್ಸಿಗೆ ಮತ್ತೆ ಜೀವ ಬರುವಷ್ಟರಲ್ಲಿ ಯಾರೋ ಸಾಂಬಾರ್ ಪುಡಿ ಮಾರುತ್ತಿದ್ದರು. ಹೊಡೆದಳೋ ಇಲ್ಲವೋ, ನನಗಿನ್ನೂ ಗೊತ್ತಾಗಿಲ್ಲ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಒಂದು ಹುಡುಗಿ ಬಹಳ ವಿನಯದಿಂದ, "ಮ್ಯಾಮ್, ಬಾಕ್ಸನ್ನ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ" ಅಂದಳು.

"ಅದನ್ನೇ ಅಲ್ವೇನಮ್ಮಾ ಅದು ತಾನೇ ತಾನಾಗಿ ಮಾಡ್ಕೊಳ್ತಿರೋದು? ಅದನ್ನ ನಿಲ್ಲಿಸೋದು ಹೇಗೆ ಅಂತ ನಾನು ಕೇಳ್ತಾ ಇರೋದು."

ಹುಡುಗಿ, "ಟ್ರಬಲ್ ಶೂಟಿಂಗ್ ಟೀಮಿಗೆ ಕನೆಕ್ಟ್ ಮಾಡ್ತೀನಿ ಮ್ಯಾಮ್" ಎಂದು ಹೇಳಿ ನನ್ನನ್ನು ಒಂದು ಕೊಳಲಿನ ವಶಕ್ಕೆ ಒಪ್ಪಿಸಿ ಹೋದಳು. ಟ್ರಬಲ್ ಶೂಟಿಂಗ್! ಪಾಪ, ಈ ಮಕ್ಕಳು ಆ ಮಾತನ್ನು ಟ್ರೇನಿಂಗಿನಲ್ಲಿ ಕಲಿತವರು. ನಾವು ಅದನ್ನು ಇಡೀ ಬೀದಿ ಸೇರಿ ಮಾಡಿದವರು. ಕೊಳಲು ಕೇಳುತ್ತ ಕೂತಿದ್ದವಳಿಗೆ ನಮ್ಮ ರಾಜಾಜಿನಗರದ ಮನೆಯ ಮೊದಲ ಟಿವಿ ನೆನಪಾಯಿತು.

ಎಂಬತ್ತರ ದಶಕ. ಕಪ್ಪು ಬಿಳುಪಿನ ಟಿವಿ. ಅದಕ್ಕೆ ನಾಲ್ಕು ಕಾಲು, ಮುಂದೆ ಎಳೆದು ಮುಚ್ಚುವ ಮರದ ಶಟರು, ಶಟರಿಗೆ ಬೀಗ. ಬೀಗದಕೈ ನಮ್ಮ ಅತ್ತೆಯವರ ಸೊಂಟದಲ್ಲಿ, ಬೀರುವಿನ ಕೀಯ ಜೊತೆಗೆ. ಟಿವಿ ಪಕ್ಕದಲ್ಲಿ ಸ್ಟೆಬಿಲೈಜರ್ ಎಂಬ ಒಂದು ಭಾರದ ಡಬ್ಬ. ಕರೆಂಟು ಏರಿಳಿದರೆ ಟಿವಿ ಸುಟ್ಟುಹೋಗದ ಹಾಗೆ ಅದು ‘ಟಕ್’ ಅಂದು ಟಿವಿಯನ್ನು ಆರಿಸಿಬಿಡುತ್ತಿತ್ತು. ಕರೆಂಟು ಸರಿಹೋದರೆ ಮತ್ತೆ ‘ಟಕ್’. ವೋಲ್ಟೇಜು ಎಷ್ಟಿದೆ ಎಂದು ತೋರಿಸಲು ಅದರ ಮುಖದ ಮೇಲೆ ಒಂದು ಮುಳ್ಳಿತ್ತು. ಆ ಮುಳ್ಳನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಏಕೆಂದರೆ ಅದಕ್ಕೆ ನಾನು ಕವರ್ ಹೊಲಿದಿದ್ದೆ. ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿನ ಸಿಸ್ಟರುಗಳು ನಮಗೆ ಕಲಿಸಿದ್ದು ಮೂರು: ಗ್ರಾಮರ್, ಪೋಶ್ಚರ್, ಕ್ರಾಸ್ ಸ್ಟಿಚ್. ಮದುವೆಯಾಗಿ ಬಂದ ಮೇಲೆ ಮೊದಲೆರಡಕ್ಕೆ ಗಿರಾಕಿ ಸಿಗಲಿಲ್ಲ. ಹಾಗಾಗಿ ರೇಡಿಯೋಗೆ, ಮಿಕ್ಸಿಗೆ, ಟಿವಿಗೆ, ಸ್ಟೆಬಿಲೈಜರಿಗೆ ಎಲ್ಲಕ್ಕೂ ಗುಲಾಬಿ ಹೂವಿನ ಅಂಗಿ ತೊಡಿಸಿದ್ದೆ.

ಅತ್ತೆಯವರು ನನ್ನನ್ನು ಕರೆಯುತ್ತಿದ್ದುದೇ "ಏನಮ್ಮಾ ಕಾನ್ವೆಂಟೂ" ಎಂದು. ಸಾರಿಗೆ ಉಪ್ಪು ಹೆಚ್ಚಾದರೂ ಕಾನ್ವೆಂಟು, ರಂಗೋಲಿ ಸೊಟ್ಟಗಾದರೂ ಕಾನ್ವೆಂಟು. ರೋಮ್ ನಗರದವರೆಗೂ ತಲುಪುವಷ್ಟು ಬೈಗುಳ ಆ ಸಿಸ್ಟರುಗಳಿಗೆ ನನ್ನ ಅಡುಗೆಯಿಂದ ಸಂದಿದೆ.

ಭಾನುವಾರ ಸಂಜೆ ಬೀದಿಯೇ ನಮ್ಮ ಹಾಲಿನಲ್ಲಿರುತ್ತಿತ್ತು. ಬಾಗಿಲಲ್ಲಿ ಚಪ್ಪಲಿಗಳ ಗುಡ್ಡ. ಒಳಗೆ ಆಸನದ ವ್ಯವಸ್ಥೆ ಅತ್ತೆಯವರದು. ಮಕ್ಕಳು ನೆಲ, ಬೀದಿಯ ಹೆಂಗಸರು ಚಾಪೆ, ನಮ್ಮ ಮಾವನವರೂ ಸೇರಿ ರಿಟೈರಾದ ಗಂಡಸರಿಗೆ ಕುರ್ಚಿ. ದಿವಾನದ ಮೇಲೆ ಅವರು ಒಬ್ಬರೇ. ಇಲ್ಲ, ತಪ್ಪಿದೆ. ದಿವಾನದ ಮೇಲೆ ಅವರ ಪಕ್ಕದಲ್ಲಿ ಕೂರುವ ಹಕ್ಕು ಇಡೀ ರಾಜಾಜಿನಗರದಲ್ಲಿ ಇನ್ನೊಬ್ಬರಿಗಿತ್ತು. ಅವರು ನಮ್ಮ ಮಹಡಿಯ ಬಾಡಿಗೆಯವರು, ಗಿರಿಜಮ್ಮ.

ಗಿರಿಜಮ್ಮ ದಾವಣಗೆರೆ ಕಡೆಯವರು. ಗಂಡನಿಗೆ ಟ್ರಾನ್ಸ್‌ಫರ್ ಆಗಿ ಬಂದು ನಮ್ಮ ತಾರಸಿಯ ಮೇಲಿನ ಒಂದೂವರೆ ರೂಮಿನ ಮನೆಯಲ್ಲಿದ್ದರು. ಗ್ಯಾಸಿಗೆ ಬರೆಸಿದ್ದರೂ ಬಂದಿರಲಿಲ್ಲ. ಹಾಗಾಗಿ ಕಾಯಿಲ್ ಕೆಂಪಗೆ ಕಾಯುವ ಕರೆಂಟ್ ಒಲೆಯ ಮೇಲೆ ರೊಟ್ಟಿ ಬೇಯಿಸುತ್ತಿದ್ದರು. ಬಾಡಿಗೆ ‘ಕರೆಂಟು ಸೇರಿ’ ಎಂದು ಮಾತಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಕರೆಂಟು ಸೇರಿದೆ ಎಂದು ಹಗಲೂ ದೀಪ ಉರಿಸುತ್ತಿದ್ದರು. ಗಿರಿಜಮ್ಮನವರದು ಉಲ್ಟಾ. ಪರರ ಕರೆಂಟು ಎಂದೇ ಅವರಿಗೆ ಅದರ ಮೇಲೆ ಇನ್ನಿಲ್ಲದ ಭಯಭಕ್ತಿ.

ಅವರ ಕಂಠ ಮಾತ್ರ ಭಾರಿ. ಅವರು ಮೇಲೆ ಹಾಡಿದರೆ ಕೆಳಗೆ ನಮ್ಮ ಸ್ಟೀಲ್ ತಟ್ಟೆಗಳು ಶ್ರುತಿ ಹಿಡಿಯುತ್ತಿದ್ದವು. ಬಡಾವಣೆಯ ಹೆಂಗಸರ ಹಾಡಿನ ತಂಡಕ್ಕೆ ಜೀವವೇ ಅವರು. ಅಧ್ಯಕ್ಷೆ ಅತ್ತೆಯವರು. ಅತ್ತೆಯವರಿಗೆ ಹಾಡಲು ಬರುತ್ತಿತ್ತೇ ಎಂದು ಕೇಳಬೇಡಿ. ಹಾರ್ಮೋನಿಯಂ ನಮ್ಮ ಮನೆಯದು.

ಆ ವರ್ಷ ತಂಡಕ್ಕೆ ಟಿವಿಯಲ್ಲಿ ಹಾಡುವ ಕರೆ ಬಂತು. ಅತ್ತೆಯವರು ಗಿಳಿಹಸಿರು ಮೈಸೂರು ಸಿಲ್ಕ್ ಉಟ್ಟು, ವಜ್ರದ ಓಲೆ ಇಟ್ಟು, ಸ್ಟುಡಿಯೋದಲ್ಲಿ ಮೊದಲ ಸಾಲಿನ ನಟ್ಟನಡುವೆ ಕೂತರು. ಕ್ಯಾಮೆರಾದವನು ಕಣ್ಣು ಕಿರಿದು ಮಾಡಿ, "ಅಮ್ಮಾ, ನಿಮ್ಮ ಓಲೆ ಹೊಳೀತಾ ಇದೆ, ಲೈಟಿಗೆ ಕಣ್ಣು ಕುಕ್ಕುತ್ತೆ. ಬಿಚ್ಚಿಡ್ತೀರಾ?" ಎಂದ.

"ಮುತ್ತೈದೆ ಕಿವೀಲಿ ಓಲೆ ಬಿಚ್ಚು ಅಂತೀಯಲ್ಲೋ, ನಿನ್ನ ಕ್ಯಾಮೆರಾಕ್ಕೆ ಮುಚ್ಚಳ ಹಾಕ!"

"ಹಾಗಾದ್ರೆ ಹಿಂದುಗಡೆ ಮೂಲೇಲಿ ಕೂತ್ಕೊಳಿ ಅಮ್ಮಾ."

ಅತ್ತೆಯವರು ಹಿಂದಿನ ಸಾಲಿನ ಮೂಲೆಗೆ ಹೋದರು. ಅವರ ಜಾಗಕ್ಕೆ, ಮೈಕಿನೆದುರಿಗೆ, ಗಿರಿಜಮ್ಮನವರನ್ನು ಕೂರಿಸಿದರು. ಗಿರಿಜಮ್ಮನವರ ಕಿವಿಯಲ್ಲಿ ಇದ್ದದ್ದು ಹೊಳೆಯುವ ಅಭ್ಯಾಸವಿಲ್ಲದ ಹಳೆಯ ಬೆಂಡೋಲೆ.

ಮನೆಗೆ ಬಂದು ಕಾಲು ತೊಳೆದ ಮೇಲೆ ಅತ್ತೆಯವರು ಶುರು ಮಾಡಿದರು. "ಎಲ್ಲಾ ಅವಳದೇ ಮಸಲತ್ತು ಕಣೇ. ಆ ಕ್ಯಾಮೆರಾದವನ ಹತ್ತಿರ ನಗ್ತಾ ನಗ್ತಾ ಮಾತಾಡ್ತಿದ್ಲು."

"ಅವನು ಅವರ ಊರ ಕಡೆಯವನಂತೆ ಅತ್ತೆ."

"ನೋಡಿದ್ಯಾ! ನಾನೇನು ಹೇಳಿದೆ?"

ಅವತ್ತಿನಿಂದ ಗಿರಿಜಮ್ಮನವರಿಗೆ ಹಾಲಿನ ಬಾಗಿಲು ಮುಚ್ಚಿತು. "ಇನ್ಮೇಲೆ ಟಿವಿಗೆ ಕೆಳಗೆ ಬರೋದು ಬೇಡ ಅನ್ನು" ಎಂದು ಹೇಳಲು ನನ್ನನ್ನೇ ಕಳಿಸಿದರು. ನಾನು ಮೆಟ್ಟಿಲ ಮೇಲೆ ನಿಂತು ತಡವರಿಸುತ್ತಿದ್ದರೆ, ಗಿರಿಜಮ್ಮನವರೇ, "ತಿಳೀತು ಬಿಡವ್ವಾ, ನೀ ಯಾಕ ಬೆವರತಿ" ಎಂದು ನನ್ನನ್ನು ಪಾರು ಮಾಡಿದರು.

ಇದಾದ ಮರುದಿನದಿಂದಲೇ ಟಿವಿಗೆ ರೋಗ ಹಿಡಿಯಿತು.

ರೋಗದ ಲಕ್ಷಣ ಹೀಗೆ. ಸಂಜೆ ಟಿವಿ ಹಾಕಿದರೆ ಚೆನ್ನಾಗಿಯೇ ಬರುವುದು. ಸ್ವಲ್ಪ ಹೊತ್ತಿಗೆ ‘ಟಕ್’. ಚಿತ್ರ ಕುಗ್ಗಿ ಕುಗ್ಗಿ ಒಂದು ಬಿಳಿ ಚುಕ್ಕೆಯಾಗಿ ಆರಿಹೋಗುವುದು. ಹಾಲಿನಲ್ಲಿ "ಅಯ್ಯೋ" ಎಂಬ ಸಾಮೂಹಿಕ ನಿಟ್ಟುಸಿರು. ಮತ್ತೆ ‘ಟಕ್’. ಮೊದಲು ಮಾತು, ಆಮೇಲೆ ನಿಧಾನವಾಗಿ ಮುಖಗಳು. ಎಲ್ಲರೂ ಸರಿಯಾಗಿ ಕೂರುವಷ್ಟರಲ್ಲಿ ಮತ್ತೆ ‘ಟಕ್’. ಟಿವಿಯಲ್ಲಿ ನಾಯಕ ಪ್ರೇಮ ನಿವೇದಿಸಿದ್ದು ಕಂಡರೆ ನಾಯಕಿಯ ಉತ್ತರ ಕಾಣುತ್ತಿರಲಿಲ್ಲ. ಮದುವೆ ಕಂಡರೆ ಯಾರ ಮದುವೆ ಎಂದು ತಿಳಿಯುತ್ತಿರಲಿಲ್ಲ.

ಬರುವ ಶನಿವಾರ ಸಂಜೆ, ಅಂದು ಶೂಟ್ ಮಾಡಿದ್ದ ಹಾಡಿನ ಕಾರ್ಯಕ್ರಮ ಟಿವಿಯಲ್ಲಿ. ಆಗ ಮನೆಯಲ್ಲಿ ರೆಕಾರ್ಡು ಮಾಡಿಕೊಳ್ಳುವುದು, ರಿಪೀಟು ಏನೂ ಇಲ್ಲ. ಒಮ್ಮೆ ಹೋದರೆ ಹೋಯಿತು. ಅತ್ತೆಯವರು ಅದುವರೆಗೆ ತಮ್ಮನ್ನು ತಾವು ಕಂಡದ್ದು ಕನ್ನಡಿಯಲ್ಲಿ ಮತ್ತು ಮದುವೆಗಳ ಗ್ರೂಪ್ ಫೋಟೋದಲ್ಲಿ. ತಾವು ಹಾಡುವುದನ್ನು, ತಲೆ ಆಡಿಸುವುದನ್ನು ಎದುರಿಗೆ ಕೂತು ನೋಡುವುದು ಆ ಜನ್ಮದಲ್ಲಿ ಅದೊಂದೇ ಸಲ. ಅದಕ್ಕೆ ಅವರು ಪಕ್ಕದ ಬೀದಿಗೆ ಹೋಗುವವರೂ ಅಲ್ಲ. "ನಮ್ಮನೇಲಿ ಟಿವಿ ಇಟ್ಕೊಂಡು ಇನ್ನೊಬ್ಬರ ಮನೆ ಚಾಪೆ ಮೇಲೆ ಕೂತು ನನ್ನ ಮುಖ ನಾನು ನೋಡ್ಲಾ?"

ಚಿಕಿತ್ಸೆ ಶುರುವಾಯಿತು. ನಮ್ಮ ಯಜಮಾನರು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದರು. ಆದರೆ ಕೈಗೆ ಸ್ಕ್ರೂ ಡ್ರೈವರ್ ಬಂದರೆ ಚೀಫ್ ಎಂಜಿನಿಯರೇ. ಅವರ ಪ್ರಕಾರ ತಪ್ಪು ಉಪಗ್ರಹದ್ದು.

"ಅಮ್ಮಾ, ಮೇಲೆ ಸ್ಯಾಟಲೈಟ್ ಸುತ್ತುತ್ತಾ ಇರತ್ತೆ. ನಮ್ಮ ತಲೆ ಮೇಲೆ ಬಂದಾಗ ಟಿವಿ ಬರತ್ತೆ, ದಾಟಿದಾಗ ಹೋಗತ್ತೆ. ಸಿಂಪಲ್."

"ಪಕ್ಕದ ಬೀದೀಲಿ ಚೆನ್ನಾಗೇ ಬರತ್ತಂತಲ್ಲೋ. ಅವರಿಗೆ ಬೇರೆ ಗ್ರಹನಾ?"

ಯಜಮಾನರು ಆ ಪ್ರಶ್ನೆಯನ್ನು ಉಪಗ್ರಹಕ್ಕೇ ಬಿಟ್ಟು ಹೊರಗೆ ಹೋದರು. ಆಮೇಲೆ ಬಸವೇಶ್ವರನಗರದಿಂದ ಮೆಕ್ಯಾನಿಕ್ ಬಂದ. ಬಂದದ್ದು ಮಧ್ಯಾಹ್ನ. ಟಿವಿಯ ಬೆನ್ನು ಬಿಚ್ಚಿ, ಒಳಗಿನ ಧೂಳನ್ನೆಲ್ಲ ನಮ್ಮ ಹಾಲಿಗೆ ಊದಿ, ತಲೆಗೆ ಎರಡು ಬಡಿದು, "ಪಿಕ್ಚರ್ ಟ್ಯೂಬ್ ವೀಕು ಆಂಟಿ. ಇಲ್ದಿದ್ರೆ ಬೂಸ್ಟರ್. ಎರಡೂ ಅಲ್ದಿದ್ರೆ ಆಂಟೆನಾ ಮೇಲೆ ಕೂರೋ ಕಾಗೆ" ಎಂದ. ಅವನಿದ್ದಷ್ಟು ಹೊತ್ತು ಟಿವಿ ಒಂದು ಸಲವೂ ಆರಲಿಲ್ಲ. ಡಾಕ್ಟರ ಮುಂದೆ ಕೆಮ್ಮದ ಮಗುವಿನ ಹಾಗೆ ನೆಟ್ಟಗೆ ಕೂತಿತ್ತು.

ಮೂರನೆಯ ಚಿಕಿತ್ಸೆ ಅತ್ತೆಯವರದೇ. ಅವರ ಪ್ರಕಾರ ಇದು ಮಹಡಿಯವರ ದೃಷ್ಟಿ. ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಟಿವಿಗೆ ಸುತ್ತು ಬಂದು ಇಳಿ ತೆಗೆದು ಕೆಂಡಕ್ಕೆ ಹಾಕಿದರು. ಮೆಣಸಿನಕಾಯಿ ಘಾಟಿಗೆ ಮನೆಮಂದಿಯೆಲ್ಲ ಬೀದಿಗೆ ಓಡಿದೆವು. ಟಿವಿ ಒಂದೇ ಒಳಗೆ ಧೈರ್ಯವಾಗಿ ನಿಂತಿತ್ತು.

ಕೊನೆಗೆ ಉಳಿದದ್ದು ಆಂಟೆನಾ. ಆ ಕಾಲದಲ್ಲಿ ಟಿವಿಗೆ ಏನೇ ಆದರೂ ಆಂಟೆನಾ ತಿರುಗಿಸುವುದೊಂದು ಪದ್ಧತಿ. ತಲೆನೋವಿಗೂ ಹೊಟ್ಟೆನೋವಿಗೂ ಒಂದೇ ಮಾತ್ರೆ. ಶುಕ್ರವಾರ ಸಂಜೆ ಯಜಮಾನರು ಡ್ಯೂಟಿಯಿಂದ ಬಂದಿರಲಿಲ್ಲ. ಅತ್ತೆಯವರು, "ನೀನೇ ಹತ್ತಮ್ಮಾ. ಅದೇನೋ ನಿಮ್ಮ ಕಾನ್ವೆಂಟಲ್ಲಿ ಪೀಟಿ ಗೀಟಿ ಮಾಡಿಸ್ತಿದ್ರಂತಲ್ಲ" ಅಂದರು.

ಸೀರೆ ಎತ್ತಿ ಕಟ್ಟಿ ತಾರಸಿಗೆ ಹೋದೆ. ದೊಡ್ಡ ಮೀನಿನ ಮುಳ್ಳಿನಂತಹ ಆಂಟೆನಾದ ಕಂಬ ಅಪ್ಪಿಕೊಂಡು ನಿಂತೆ. ಎದುರಿಗೇ ಗಿರಿಜಮ್ಮನವರ ಅಡುಗೆಮನೆಯ ಕಿಟಕಿ. ಒಳಗೆ ಪಟ ಪಟ ಪಟ ಎಂದು ರೊಟ್ಟಿ ತಟ್ಟುವ ಸದ್ದು.

ಕೆಳಗಿನಿಂದ ಅತ್ತೆ: "ಬಂತೂ! ಹಾಗೇ ಇರು, ಅಲ್ಲಾಡಬೇಡ!"

ನಾನು ಅಲ್ಲಾಡಲಿಲ್ಲ. ಕಿಟಕಿಯಲ್ಲಿ ಗಿರಿಜಮ್ಮ ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿ ಗೋಡೆಯ ಸ್ವಿಚ್ಚು ಒತ್ತಿದರು. ಒಲೆಯ ಕಾಯಿಲ್ ನಿಧಾನಕ್ಕೆ ಕೆಂಪೇರಿತು.

"ಹೋಯ್ತೂ! ಏನೇ ಮಾಡ್ದೆ?"

ನಾನೇನೂ ಮಾಡಿರಲಿಲ್ಲ. ರೊಟ್ಟಿ ಬೆಂದಿತು. ಗಿರಿಜಮ್ಮ ಅದನ್ನು ತೆಗೆದು, ಸ್ವಿಚ್ಚು ಆರಿಸಿ, ಮುಂದಿನ ಹಿಟ್ಟಿನ ಉಂಡೆ ತಟ್ಟಲು ಕೂತರು.

"ಬಂತೂ! ಅದೇ ಅದೇ! ಕೈ ಬಿಡಬೇಡ!"

ಪಟ ಪಟ ಪಟ. ಸ್ವಿಚ್ಚು. ಕೆಂಪು.

"ಹೋಯ್ತಲ್ಲೇ ಮಾರಾಯ್ತಿ!"

ಆ ಒಲೆ ಕರೆಂಟು ಎಳೆದಾಗಲೆಲ್ಲ ಕೆಳಗೆ ಸ್ಟೆಬಿಲೈಜರ್ ‘ಟಕ್’ ಅನ್ನುತ್ತಿತ್ತು. ಕಂಬ ಬಿಟ್ಟು ನಾನು ಅಲ್ಲಿಯೇ ನೆಲಕ್ಕೆ ಕೂತು ನಕ್ಕೆ. ಗಿರಿಜಮ್ಮ ಕಿಟಕಿಯಿಂದ ನೋಡಿ, "ಯಾಕವ್ವಾ, ಬಿದ್ದಿಯೇನು? ಬಾ ಒಳಗ, ಬಿಸಿ ರೊಟ್ಟಿ ತಿನ್ನು" ಎಂದು ಕರೆದರು. ಒಳಗೆ ಹೋದೆ. ಬದನೆಕಾಯಿ ಎಣ್ಣೆಗಾಯಿಯ ಜೊತೆ ರೊಟ್ಟಿ ಕೊಟ್ಟರು.

"ಯಾಕ್ರೀ ಪ್ರತಿ ರೊಟ್ಟಿಗೂ ಸ್ವಿಚ್ ಆರಿಸ್ತೀರಾ?"

"ತಟ್ಟೋ ತನಕ ಸುಮ್ಮನ ಉರೀತೈತಲ್ಲವ್ವಾ. ನಿಮ್ಮ ಕರೆಂಟು. ಸಿಟ್ಟು ಮಾಡ್ಕೊಂಡ್ರು ಅಂತ ಅಮ್ಮಾರ ಕರೆಂಟು ತಿನ್ನಾಕ ಆಗತೈತೇನು?"

"ಮೊದಲೂ ಇದೇ ಹೊತ್ತಿಗೆ ಮಾಡ್ತಿದ್ರಾ?"

"ಮೊದಲು ಈ ಹೊತ್ತಿನಾಗ ನಿಮ್ಮ ದಿವಾನದ ಮ್ಯಾಲೆ ಇರ್ತಿದ್ನಲ್ಲ" ಎಂದು ನಕ್ಕು, ಇನ್ನೊಂದು ರೊಟ್ಟಿ ನನ್ನ ತಟ್ಟೆಗೆ ಹಾಕಿದರು. ಆಮೇಲೆ ಹಿಟ್ಟು ನಾದುತ್ತ, ನನ್ನ ಕಡೆ ನೋಡದೆ ಕೇಳಿದರು: "ನಾಳೆ ಎಷ್ಟೊತ್ತಿಗಂತವ್ವಾ ನಮ್ಮ ಹಾಡು?"

"ಸಂಜೆ. ಯಾಕ್ರೀ?"

"ಏನಿಲ್ಲ. ಆ ಹೊತ್ತಿಗೆ ಮೆಟ್ಟಲ ಮ್ಯಾಲೆ ಕುಂತರ ಕೇಳಸತೈತಿ. ಕಾಣೋದು ಬ್ಯಾಡ, ಕೇಳಿದ್ರ ಸಾಕು."

‘ಗಿರಿಜಮ್ಮಾ, ನಾಳೆ ಸಂಜೆ ಒಲೆ ಹಚ್ಚಬೇಡಿ’ ಎಂದು ಒಂದು ಮಾತು ಹೇಳಿದ್ದರೆ ಟ್ರಬಲ್ ಶೂಟಿಂಗ್ ಅಲ್ಲಿಗೇ ಮುಗಿಯುತ್ತಿತ್ತು. ಅವರು ಒಲೆಯನ್ನೇ ಮೂಟೆ ಕಟ್ಟಿ ಅಟ್ಟಕ್ಕೆ ಹಾಕುತ್ತಿದ್ದರು. ಟಿವಿಯಲ್ಲಿ ಅವರು ಹಾಡುವುದನ್ನು ಕೆಳಗೆ ಇಡೀ ಬೀದಿ ನೋಡುತ್ತಿತ್ತು, ಅವರು ಮೆಟ್ಟಿಲ ಮೇಲೆ ಕತ್ತಲಲ್ಲಿ ಕೂತು ಕೇಳುತ್ತಿದ್ದರು. ನಾನು ಬಾಯಿ ಒರೆಸಿಕೊಂಡು ಕೆಳಗಿಳಿದೆ.

"ಅತ್ತೆ," ಎಂದೆ, "ದೃಷ್ಟೀನೇ ಇರಬೇಕು. ಆದ್ರೆ ನೋಡಿ, ದೃಷ್ಟಿ ಬಿಟ್ಟೋಗ್ಬೇಕಾದ್ರೆ ಹಾಕಿದವರನ್ನೇ ಆ ವಸ್ತು ಎದುರಿಗೆ ಕೂರಿಸ್ಬೇಕಂತೆ. ಗಿರಿಜಮ್ಮ ದಿವಾನದ ಮೇಲೆ ಕೂತಿದ್ದಾಗ ಟಿವಿ ಒಂದು ದಿನಾನಾದ್ರೂ ಆರಿತ್ತಾ?"

ಅತ್ತೆಯವರು ಯೋಚಿಸಿದರು. ಆರಿರಲಿಲ್ಲ. "ಯಾರು ಹೇಳಿದ್ದು ನಿಂಗೆ?"

"ಕಾನ್ವೆಂಟಲ್ಲಿ, ಸಿಸ್ಟರ್."

ಸುಳ್ಳು ಪಾಪವೆಂದು ಆ ಸಿಸ್ಟರುಗಳೇ ನನಗೆ ಕಲಿಸಿದ್ದು. ಆದರೆ ಅವರಲ್ಲಿ ಒಬ್ಬರಿಗೂ ಅತ್ತೆ ಇರಲಿಲ್ಲ.

ಶನಿವಾರ ಸಂಜೆ. ಹಾಲು ತುಂಬಿತ್ತು. ಅತ್ತೆಯವರು ಅದೇ ಗಿಳಿಹಸಿರು ಸೀರೆ, ಅದೇ ಓಲೆಯಲ್ಲಿ, ಟಿವಿಗೆ ತಮ್ಮ ಗುರುತು ಸಿಗಲಿ ಎಂಬಂತೆ ಕೂತಿದ್ದರು. ನನ್ನ ಕೈಗೆ ಕುಂಕುಮದ ಬಟ್ಟಲು ಕೊಟ್ಟು, "ಹೋಗಿ ಕರಿ ಅವಳನ್ನ" ಎಂದು ಮೇಲಕ್ಕೆ ಕಳಿಸಿದರು. ಗಿರಿಜಮ್ಮ ಕುಂಕುಮ ಹಚ್ಚಿಸಿಕೊಂಡರು. ಕೈಯ ಹಿಟ್ಟು ನೋಡಿಕೊಂಡರು. "ಬ್ಯಾಡ ಅಂತ ಹೇಳಾಕ ನೀ ಬಂದಿದ್ದಿ, ಕೇಳಿದೆ. ಬಾ ಅಂತ ಅಮ್ಮಾರ ಬಾಯಿಲೆ ಬರ್ಲಿ" ಎಂದು, ಹಾಡು ಶುರುವಾಗುವುದರೊಳಗೆ ಮುಗಿಸುವ ಅವಸರದಲ್ಲಿ ಮತ್ತೆ ರೊಟ್ಟಿಗೆ ಕೂತರು.

ನಾನು ಕೆಳಗೆ ಬಂದು ಅದನ್ನು ಹೇಳುವಷ್ಟರಲ್ಲಿ ಟಿವಿಯಲ್ಲಿ ತಂಡದ ಹೆಸರು ಬಂತು. ಹಾರ್ಮೋನಿಯಂ ಕಂಡಿತು. ಮಕ್ಕಳು ಕೂಗಿದರು. ‘ಟಕ್’.

ಅತ್ತೆಯವರು ಆ ಬಿಳಿ ಚುಕ್ಕೆ ಆರುವವರೆಗೂ ನೋಡಿದರು. ಎದ್ದರು. ವಾತದ ಕಾಲನ್ನು ಒಂದೊಂದೇ ಮೆಟ್ಟಿಲಿಗೆ ಎತ್ತಿಡುತ್ತ, ರೇಷ್ಮೆ ಸೀರೆಯ ನಿರಿಗೆ ಹಿಡಿದುಕೊಂಡು, ಆ ಮಹಡಿಯನ್ನು ಬಾಡಿಗೆಗೆ ಕೊಟ್ಟ ಮೇಲೆ ಮೊದಲ ಬಾರಿಗೆ ಹತ್ತಿದರು. ಹಿಂದಿನಿಂದ ನಾನು.

"ಏನ್ರೀ ಗಿರಿಜಮ್ಮಾ," ಅತ್ತೆಯವರಿಗೆ ಏದುಸಿರು, "ಅಲ್ಲಿ ನೀವು ಹಾಡ್ತಾ ಇದೀರ, ಇಲ್ಲಿ ಕೂತು ರೊಟ್ಟಿ ತಟ್ತಾ ಇದೀರಲ್ಲ. ನಿಮ್ಮನ್ನ ನೋಡೋಕೆ ನಿಮ್ಮನ್ನೇ ಕಾಲಿಗೆ ಬಿದ್ದು ಕರೀಬೇಕಾ? ಬನ್ರೀ ಬೇಗ. ನನ್ನ ಸರದಿ ಹೊರಟೋಗತ್ತೆ."

ಗಿರಿಜಮ್ಮ ಬಾಗಿಲ ತನಕ ಓಡಿದವರು ತಿರುಗಿ ಹೋಗಿ ಸ್ವಿಚ್ಚು ಆರಿಸಿದರು. "ಸುಮ್ಮನ ಉರೀತೈತಿ" ಎಂದು ಗೊಣಗಿದರು. ಇಳಿಯುವಾಗ ಅತ್ತೆಯವರು ಹಿಡಿದುಕೊಂಡದ್ದು ಆ ಹಿಟ್ಟಿನ ಕೈಯನ್ನೇ.

ನಾವು ಹಾಲಿಗೆ ಕಾಲಿಟ್ಟಾಗ ಹಾಡು ಕೇಳಿಸುತ್ತಿತ್ತು, ಚಿತ್ರ ಇನ್ನೂ ಮೂಡುತ್ತಿತ್ತು. ಅತ್ತೆಯವರು ನನ್ನ ಕಡೆ ಒಂದು ನೋಟ ಹರಿಸಿದರು. ಕಾನ್ವೆಂಟಿನ ಮೇಲೆ ಅವರಿಗೆ ಗೌರವ ಮೂಡಿದ್ದು ಆ ಒಂದು ಕ್ಷಣ ಮಾತ್ರ. ಇಬ್ಬರೂ ದಿವಾನದ ಮೇಲೆ ಕೂತರು.

ಮೊದಲ ಸಾಲು ಕಂಡಿತು. ಗಿರಿಜಮ್ಮನವರ ಮುಖದ ಜಾಗದಲ್ಲಿ ಒಂದು ದೊಡ್ಡ ಮೈಕು ಇತ್ತು. ಮೈಕಿಗೆ ಎರಡು ಬೆಂಡೋಲೆ. ಅಷ್ಟೇ. "ಅಯ್ಯ ಶಿವನ, ನಾ ಎಲ್ಲಿ?" ಎಂದರು ಗಿರಿಜಮ್ಮ. ಬೀದಿಯೇ ನಕ್ಕಿತು, ಅವರೂ ನಕ್ಕರು. ಆದರೆ ಧ್ವನಿ ಅವರದೇ. ಹೊಡೆದ ಗಂಟೆಯ ಹಾಗೆ ತುಂಬಿಕೊಂಡು ಬರುತ್ತಿತ್ತು. ನಗುತ್ತಿದ್ದವರು ತಾವಾಗಿ ಸುಮ್ಮನಾದರು.

ಆಮೇಲೆ ಕ್ಯಾಮೆರಾ ಹಿಂದಿನ ಸಾಲಿಗೆ ಸರಿದು ಮೂಲೆಯಲ್ಲಿ ನಿಂತಿತು. ಅತ್ತೆಯವರ ಮುಖ ಟಿವಿಯ ತುಂಬ ಬಂತು. "ಅಮ್ಮ! ಅಮ್ಮ!" ಎಂದು ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಗಿಳಿಹಸಿರು ಎಲ್ಲರ ಸೀರೆಯ ಹಾಗೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಓಲೆ ಹೊಳೆಯಲಿಲ್ಲ. ತುಟಿ ಹಾಡಿಗಿಂತ ಒಂದು ಸಾಲು ಹಿಂದೆ ಆಡುತ್ತಿತ್ತು. ಕೆನ್ನೆ ಜೋತಿತ್ತು, ಕತ್ತಿನಲ್ಲಿ ನೆರಿಗೆ ಎದ್ದಿತ್ತು. ಕಣ್ಣು ಮಾತ್ರ, ಮೊದಲ ದಿನ ಸ್ಕೂಲಿಗೆ ಬಂದ ಹುಡುಗಿಯ ಹಾಗೆ, ಎಲ್ಲಿ ನೋಡಬೇಕೆಂದು ತಿಳಿಯದೆ ಒದ್ದಾಡುತ್ತಿತ್ತು. ಆಮೇಲೆ ಕ್ಯಾಮೆರಾ ಬೇರೆಯವರ ಕಡೆ ಹೋಯಿತು. ಹಾಡು ಮುಗಿಯಿತು. ಟಿವಿ ಒಮ್ಮೆಯೂ ಆರಲಿಲ್ಲ.

ಅತ್ತೆಯವರು ಚಪ್ಪಾಳೆಗೆ ತಿರುಗಿ ನೋಡಲಿಲ್ಲ. ಕೈಯ ಬಳೆಯನ್ನು ಸುಮ್ಮನೆ ಮೇಲೆ ಕೆಳಗೆ ಮಾಡುತ್ತಿದ್ದರು. ಕೊನೆಗೆ, ನನಗಲ್ಲ, ಮಗನಿಗಲ್ಲ, ಪಕ್ಕದಲ್ಲಿದ್ದ ಗಿರಿಜಮ್ಮನವರಿಗೆ ಮಾತ್ರವೆಂಬಂತೆ ಸಣ್ಣಗೆ ಕೇಳಿದರು: "ಅಷ್ಟೊಂದು ವಯಸ್ಸಾಗಿದೆಯೇನ್ರೀ ನಂಗೆ?"

ಗಿರಿಜಮ್ಮ ಅವರ ಮುಖ ನೋಡಿದರು. ಟಿವಿ ನೋಡಿದರು. "ಛೇ ಛೇ, ಇಲ್ರೀ ಅಮ್ಮಾರ," ಎಂದರು, "ನಿಮ್ಮ ಟಿವಿ ಹಳೇದಾಗೈತ್ರಿ."

ಕೊಂಡು ಒಂದು ವರ್ಷವೂ ತುಂಬದ ಟಿವಿ. ಯಜಮಾನರು ಅದನ್ನು ಹೇಳಲು ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.

ಅತ್ತೆಯವರು ಎದ್ದು ಹೋಗಿ, ಮರದ ಶಟರನ್ನು ಮೆಲ್ಲಗೆ ಎಳೆದು ಮುಚ್ಚಿದರು. "ಹೂಂ ಕಣ್ರೀ," ಎಂದರು, "ನಾನೂ ಅದೇ ಅಂದ್ಕೊಂಡೆ. ಅದಕ್ಕೇ ಹಾಗಾಡ್ತಾ ಇತ್ತು."